ಸಾಲಿಗೊಬ್ಬರನ್ನು ನಿಲ್ಲಿಸಿದ ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ತಿಳಿಸಿದವನು ನಮ್ಮ ಹಳೆಯ ವ್ಯಾನಿನ ಡ್ರೈವರ್. ಫೋನಿನಲ್ಲಿ ಅವನು ಹೇಳಿದ್ದು ಇಷ್ಟೇ: “ಮೇಡಂ, ನೂರಿಪ್ಪತ್ತು ಹೋಗಿಬಿಟ್ರು.” ಪಕ್ಕದಲ್ಲಿದ್ದ ನನ್ನ ಮಗಳು ಯಾವುದೋ ಬಸ್ಸು ತಪ್ಪಿತೆಂದುಕೊಂಡಳು. ನಾನು ಸ್ಟವ್ ಆರಿಸಿ ಅಡುಗೆಮನೆ ಕಟ್ಟೆಗೆ ಒರಗಿ ನಿಂತೆ. ಅಳು ಬರಬೇಕಿತ್ತು, ಬಂದದ್ದು ನಗು. ತೊಂಬತ್ತರ ಹತ್ತಿರದ ವಯಸ್ಸು, ಮಲಗಿದಲ್ಲೇ ಹೋದರಂತೆ. ಕೊನೆಯ ದಿನದವರೆಗೂ ಬಲಗೈ ಬೆರಳುಗಳು ಹೊದಿಕೆಯ ಮೇಲೆ ಏನನ್ನೋ ಟೈಪ್ ಮಾಡುತ್ತಿದ್ದವಂತೆ. ಇನ್ನು ಹೇಗೆ ಹೋಗುತ್ತಾರೆ ಅವರು!

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರದೊಂದು ಕಟ್ಟಳೆ ಇತ್ತು. ಟೈಪ್ ಮಾಡಿದವರ ಹೆಸರು ಕಾಗದದ ಕೆಳಗೆ, ಎಡಗಡೆ ಮೂಲೆಯಲ್ಲಿ, ಎರಡೇ ಅಕ್ಷರದಲ್ಲಿ ಇರಬೇಕು. ಅದಕ್ಕಿಂತ ಹೆಚ್ಚು ಬರೆದುಕೊಂಡರೆ ಕಾಗದ ಯಾರದು ಎಂಬುದೇ ಮರೆತುಹೋಗುತ್ತದೆ ಎನ್ನುತ್ತಿದ್ದರು. ಊರುಗಳಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ನಾನು ಸಾರ್ ಅನ್ನುತ್ತಿದ್ದೆ, ಸಿಟ್ಟು ಬಂದಾಗಲೂ. ಸಿಟ್ಟು ನನಗೆ ದಿನಕ್ಕೆ ಮೂರು ಸಲವಾದರೂ ಬರುತ್ತಿತ್ತು.

ಸಾರ್ ಮೊದಲು ಟೈಪಿಂಗ್ ಮೇಷ್ಟ್ರು. ದಾವಣಗೆರೆಯಲ್ಲಿ ಒಂದು ಮಹಡಿಯ ಮೇಲೆ ಇಪ್ಪತ್ತು ವರ್ಷ ಇನ್‌ಸ್ಟಿಟ್ಯೂಟ್ ನಡೆಸಿದ್ದರು. ಎಪ್ಪತ್ತರ ದಶಕದಲ್ಲೇ ಭಾನುವಾರ ಬಂದರೆ ಎರಡು ಟೈಪ್‌ರೈಟರುಗಳನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಟಾಪಿಗೇರಿಸಿ, ನ್ಯಾಮತಿಗೂ ಸವಳಂಗಕ್ಕೂ ಹೋಗಿ ಪಾಠ ಹೇಳಿ ಬರುತ್ತಿದ್ದರಂತೆ. ಕಂಡಕ್ಟರ್ “ಏನ್ರೀ ಇದು, ಹೊಲಿಗೆ ಮಿಷನ್ನಾ?” ಎಂದು ಕೇಳಿದರೆ, “ಹೂಂನಪ್ಪ, ಅರ್ಜಿ ಹೊಲಿಯೋ ಮಿಷನ್ನು” ಎನ್ನುವುದು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಹೊತ್ತಿಗೆ ಗಂಟೆ ಹೊಡೆಯುತ್ತದಲ್ಲ, ಆ ಸದ್ದು ಅವರ ಬಾಯಿಗೆ ಹತ್ತಿಬಿಟ್ಟಿತ್ತು. ಯಾರಾದರೂ ಸರಿಯಾಗಿ ಉತ್ತರ ಹೇಳಿದರೆ “ಟಿಂಗ್!” ಊಟ ರುಚಿಯಾಗಿದ್ದರೆ “ಟಿಂಗ್!” ಹೊನ್ನಾಳಿ ಸೇತುವೆ ದಾಟಿ ಹೊಳೆಯ ಗಾಳಿ ಮುಖಕ್ಕೆ ಬಡಿದರೂ “ಟಿಂಗ್!” ಎದುರಿನವರು ಮಾತಾಡುವಾಗ ಅವರ ಬೆರಳು ತೊಡೆಯ ಮೇಲೆ ಆ ಮಾತನ್ನು ಟೈಪ್ ಮಾಡುತ್ತಲೇ ಇರುತ್ತಿದ್ದವು. ಮಾತಾಡಿದವನು ಎಲ್ಲೋ ತಪ್ಪಿದರೆ ಬೆರಳು ನಿಲ್ಲುತ್ತಿತ್ತು. ಸುಳ್ಳು ಹೇಳುವವರಿಗೆ ಅವರ ತೊಡೆ ನೋಡಿದರೇ ಭಯ.

ಎಂಬತ್ತರ ದಶಕದ ನಡುವಿನಲ್ಲಿ ದಾವಣಗೆರೆಯ ಒಂದು ಟ್ರಸ್ಟಿನವರಿಗೆ ಹಳ್ಳಿಗಳಿಗೆ ಕಂಪ್ಯೂಟರ್ ಕೊಂಡೊಯ್ಯುವ ಹುಮ್ಮಸ್ಸು ಬಂತು. ಪಟ್ಟಣದಲ್ಲೇ ಅದನ್ನು ಕಂಡವರು ಕಡಿಮೆ. ಸಾರ್‌ಗೆ ಆಗ ಐವತ್ತು ದಾಟಿತ್ತು. ಪದಕೋಶ ಪಕ್ಕದಲ್ಲಿಟ್ಟುಕೊಂಡು ಮೂರು ತಿಂಗಳಲ್ಲಿ ಅದರ ಪುಸ್ತಕ ಓದಿ ಮುಗಿಸಿ, ಇನ್‌ಸ್ಟಿಟ್ಯೂಟನ್ನು ಭಾವಮೈದುನನಿಗೆ ವಹಿಸಿ, ಟ್ರಸ್ಟಿನ ಬಾಗಿಲಲ್ಲಿ ಹೋಗಿ ನಿಂತರಂತೆ. ನಾನು ಟೈಪಿಂಗ್ ಸೀನಿಯರ್ ಪಾಸಾಗಿ ಕೆಲಸ ಹುಡುಕುತ್ತಿದ್ದವಳು, ಎರಡನೇ ಮೇಷ್ಟ್ರಾಗಿ ಸೇರಿದೆ. ಇಬ್ಬರು ಮೇಷ್ಟ್ರು, ಒಬ್ಬ ಡ್ರೈವರ್, ಒಂದು ವ್ಯಾನ್.

ಆ ವ್ಯಾನ್ ಅದಕ್ಕೆ ಮುಂಚೆ ಸಂಚಾರಿ ಕಣ್ಣಿನ ಆಸ್ಪತ್ರೆಯಾಗಿತ್ತು. ಹೊರಗೆ ಬಣ್ಣ ಹೊಡೆಸಿದ್ದರೂ ಒಳಗೆ ಕಣ್ಣು ಪರೀಕ್ಷಿಸುವ ಅಕ್ಷರಗಳ ಫಲಕ ಹಾಗೇ ಉಳಿದಿತ್ತು. ಕಿತ್ತರೆ ತಗಡೂ ಕಿತ್ತು ಬರುತ್ತದೆಂದು ಬಿಟ್ಟಿದ್ದರು. ಹೀಗಾಗಿ ಯಾವ ಊರಿಗೆ ಹೋದರೂ ಮೊದಲು ಬರುತ್ತಿದ್ದವರು ಕನ್ನಡಕ ಬೇಕಾದ ಮುದುಕರು. ನಾನು “ಇದು ಕಣ್ಣಾಸ್ಪತ್ರೆ ಅಲ್ಲ, ಹೋಗ್ರಿ” ಎಂದರೆ ಸಾರ್ “ಬರ್ರಿ ಬರ್ರಿ” ಎಂದು ಒಳಗೆ ಕೂರಿಸುತ್ತಿದ್ದರು. ಫಲಕದ ಅಕ್ಷರ ಓದಿಸಿ, ಅದೇ ಅಕ್ಷರವನ್ನು ಕೀಲಿಮಣೆಯ ಮೇಲೆ ಹುಡುಕಿಸಿ, ಒತ್ತಿಸಿ, ಟಿ.ವಿ.ಯ ಮೇಲೆ ಅದು ಮೂಡಿದಾಗ “ಟಿಂಗ್! ಕಣ್ಣು ಚೆನ್ನಾಗೈತೆ” ಎಂದು ಕಳಿಸುವುದು. ಜಗಳೂರಿನ ಕಡೆ ಒಬ್ಬ ಯಜಮಾನರು ಹಾಗೆ ನಾಲ್ಕು ವಾರ ಕಣ್ಣು ಪರೀಕ್ಷೆಗೆ ಬಂದು, ಐದನೇ ವಾರ ತಮ್ಮ ಹೆಸರನ್ನು ಪೂರ್ತಿ ಟೈಪ್ ಮಾಡಿ ಎದ್ದು ಹೋದರು. ಕನ್ನಡಕದ ಮಾತು ಮತ್ತೆ ಎತ್ತಲಿಲ್ಲ.

ಕಂಪ್ಯೂಟರ್ ಎಂದರೆ ಈಗಿನವರು ಏನೇನೋ ಊಹಿಸಿಕೊಳ್ಳಬಾರದು. ಒಂದು ದಪ್ಪ ಕೀಲಿಮಣೆ, ಅದರ ಹೊಟ್ಟೆಯೊಳಗೇ ಯಂತ್ರ. ಅದಕ್ಕೆ ಜೋಡಿಸಿದ, ಬ್ಯಾಟರಿಯಿಂದ ನಡೆಯುವ ಪುಟ್ಟ ಕಪ್ಪು ಬಿಳುಪು ಟಿ.ವಿ. ಜೊತೆಗೊಂದು ಹಾಡು ಕೇಳುವ ಸಾಮಾನ್ಯ ಟೇಪ್ ರೆಕಾರ್ಡರ್. ಪ್ರೋಗ್ರಾಂ ಅಂದರೆ ಯಂತ್ರಕ್ಕೆ ಬರೆದ ಸೂಚನೆಗಳು. ಅವೆಲ್ಲ ಕ್ಯಾಸೆಟ್ಟಿನಲ್ಲಿರುತ್ತಿದ್ದವು. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದರೆ ಐದು ನಿಮಿಷ ಕಿರ್ರೋ ಎಂದು ಕಿರುಚಿ, ಆಮೇಲೆ ಪ್ರೋಗ್ರಾಂ ಯಂತ್ರದೊಳಗೆ ಇಳಿಯುತ್ತಿತ್ತು. ಆ ಕಿರುಚಾಟ ಕೇಳಿದರೆ ಎಮ್ಮೆಗಳು ಹಗ್ಗ ಜಗ್ಗುತ್ತಿದ್ದವು. ಆದರೆ ಅದು ನಿಂತು ಟಿ.ವಿ.ಯ ಮೇಲೆ ಅಕ್ಷರ ಹರಿದು ಬರುವ ಆ ಗಳಿಗೆ ಇದೆಯಲ್ಲ, ನೂರು ಸಲ ನೋಡಿದರೂ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತಿತ್ತು.

ಈ ಕ್ಯಾಸೆಟ್ಟಿನ ವಿಷಯದಲ್ಲೇ ನನಗೂ ಸಾರ್‌ಗೂ ಜಗಳ. ಪ್ರತಿಯೊಂದಕ್ಕೂ ಇನ್ನೊಂದು ಪ್ರತಿ ಮಾಡಿಡೋಣ ಎಂದು ನಾನು, ಬೇಡ ಎಂದು ಅವರು. “ಎರಡನೇ ಪ್ರತಿ ಐತೆ ಅಂತ ಗೊತ್ತಾದ್ರೆ ಮೊದಲನೇದನ್ನ ಯಾರೂ ನೆನಪಿಟ್ಕಣಲ್ಲ ಕಣ್ರೀ. ಕಾರ್ಬನ್ ಹಾಕ್ದೋರ ಕೈ ಯಾವಾಗ್ಲೂ ಸಡ್ಲ.” ಇಪ್ಪತ್ತು ವರ್ಷ ಕಾರ್ಬನ್ ಕಾಗದದ ಜೊತೆ ಬದುಕಿದವರ ಬಾಯಲ್ಲಿ ಈ ಮಾತು! ನಾನು ವಾದಿಸಲಿಲ್ಲ. ಮುಖ್ಯವಾದ ಪ್ರೋಗ್ರಾಮನ್ನು ಅವರಿಲ್ಲದಾಗ ಇನ್ನೊಂದು ಕ್ಯಾಸೆಟ್ಟಿಗೆ ತುಂಬಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ವ್ಯಾನಿನ ಸಕ್ಕರೆ ಡಬ್ಬಿಯ ತಳದಲ್ಲಿ ಹೂತಿಟ್ಟೆ. ಚಹಾ ಮಾಡುವವನು ಡ್ರೈವರ್, ಮೇಲಿನ ಸಕ್ಕರೆಗಷ್ಟೇ ಚಮಚ ಹಾಕುತ್ತಿದ್ದ. ಸಾರ್‌ಗೆ ಸಕ್ಕರೆ ಕಾಯಿಲೆ. ಆ ಡಬ್ಬಿಯ ಕಡೆ ಅವರು ತಿರುಗಿ ನೋಡುವುದಿಲ್ಲವೆಂದು ನನ್ನ ಲೆಕ್ಕಾಚಾರ.

ಆ ಮುಖ್ಯವಾದ ಪ್ರೋಗ್ರಾಮಿನ ಕತೆಯೇ ಸಾರ್ ಕತೆ.

ಚನ್ನಗಿರಿಗೂ ಹೊನ್ನಾಳಿಗೂ ನಡುವೆ, ನಾಲೆಯ ಬದಿಯಲ್ಲಿ ಒಂದು ಊರು. ಮೇಲೋಣಿ, ಕೆಳಗಲೋಣಿ ಎಂದು ಎರಡು ಭಾಗ, ನಡುವೆ ಹೊಲಗಾಲುವೆ, ಅದರ ಮೇಲೆ ಸಣ್ಣದೊಂದು ಸೇತುವೆ. ಮೇಲೋಣಿಯವರ ಗದ್ದೆಗಳು ತೂಬಿಗೆ ಹತ್ತಿರ. ತೂಬು ಎಂದರೆ ನಾಲೆಯಿಂದ ಕಾಲುವೆಗೆ ನೀರು ಬಿಡುವ ಬಾಗಿಲು. ಕೆಳಗಲೋಣಿಯವರ ಗದ್ದೆಗಳು ಕಾಲುವೆಯ ಬಾಲದಲ್ಲಿ. ನಾವು ಹೋಗುವ ಎರಡು ವರ್ಷ ಮುಂಚೆ ನೀರಿನ ಸರದಿಗಾಗಿ ತೂಬಿನ ಮೇಲೆ ಬಡಿದಾಟವಾಗಿತ್ತು. ಕೈಕಾಲು ಮುರಿದಿದ್ದವು, ಎರಡು ಬಣವೆ ಸುಟ್ಟಿದ್ದವು, ಪೊಲೀಸರು ಶಾಲೆಯಲ್ಲಿ ತಿಂಗಳುಗಟ್ಟಲೆ ಬೀಡು ಬಿಟ್ಟಿದ್ದರು. ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಎರಡು ಓಣಿಯವರು ಮಾತು ಬಿಟ್ಟಿದ್ದಷ್ಟೇ ಅಲ್ಲ, ಒಂದೇ ಬಸ್ಸಿಗೆ ಎರಡು ಕಡೆ ನಿಂತು ಕಾಯುತ್ತಿದ್ದರು. ಆ ಊರನ್ನು ಬಿಟ್ಟುಬಿಡಿ ಎಂದು ಟ್ರಸ್ಟಿನವರೇ ಹೇಳಿದ್ದರು. ಸಾರ್ ಮಾತ್ರ “ಬಿಟ್ರೆ ಹೆಂಗೆ? ಅಲ್ಲಿ ಮಾತಾಡೋರೇ ಇಲ್ಲ, ಟೈಪ್ ಮಾಡೋರಾದ್ರೂ ಬೇಕಲ್ಲ” ಎಂದರು.

ವ್ಯಾನ್ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಮೊದಲ ದಿನ ಗುದ್ದಾಟ. ನಮ್ಮ ಕಡೆ, ನಮ್ಮ ಕಡೆ. ಸಾರ್ ಡ್ರೈವರಿಗೆ ಹೇಳಿ ಸೇತುವೆಯ ನಡುವೆಯೇ ನಿಲ್ಲಿಸಿದರು. ಹಿಂಬಾಗಿಲು ಮೇಲೋಣಿಗೆ, ಮುಂದಿನ ಬಾಗಿಲು ಕೆಳಗಲೋಣಿಗೆ. ಗಾಡಿಗಳು ಹೋಗಲಾಗದೆ ಎರಡೂ ಕಡೆಯವರು ಒಟ್ಟಿಗೇ ಬೈದರು. “ನೋಡ್ರಿ, ಒಂದು ವಿಷಯಕ್ಕಾದ್ರೂ ಒಂದಾದ್ರು” ಎಂದು ಸಾರ್ ನನ್ನ ಕಿವಿಯಲ್ಲಿ ಹೇಳಿದರು.

ಬೆಳಿಗ್ಗೆ ಮೇಲೋಣಿಯವರಿಗೆ ಪಾಠ, ಮಧ್ಯಾಹ್ನ ಕೆಳಗಲೋಣಿಯವರಿಗೆ. ಒಂದೊಂದು ಕಡೆಯಿಂದ ಆರಾರು ಜನ. ಮೊದಲ ವಾರಗಳಲ್ಲಿ ಸಾರ್ ಅಡಿಕೆ ಹಾಳೆಯ ಮೇಲೆ ಕೀಲಿಮಣೆಯ ಹಾಗೆ ಅಕ್ಷರ ಬರೆದು ಅವರ ಬೆರಳು ಪಳಗಿಸಿದರು. ಆಮೇಲೆ ತಾವೇ ಕೂತು ಒಂದು ಪ್ರೋಗ್ರಾಂ ಬರೆದರು. ಯಾವ ಪ್ರೋಗ್ರಾಂ? ನೀರಿನ ಸರದಿ! ಯಾರ ಗದ್ದೆ ಎಷ್ಟು ಎಕರೆ ಎಂದು ಹೇಳಿದರೆ, ವಾರದ ನೂರರವತ್ತೆಂಟು ಗಂಟೆಯನ್ನು ಎಕರೆಗೆ ತಕ್ಕಂತೆ ಹಂಚಿ, ಯಾರಿಗೆ ಯಾವ ದಿನ ಎಷ್ಟು ಹೊತ್ತಿಗೆ ನೀರು ಎಂದು ಟಿ.ವಿ.ಯ ಮೇಲೆ ತೋರಿಸುವುದು. ಬೆಂಕಿಯ ಪಕ್ಕದಲ್ಲಿ ಸೀಮೆಎಣ್ಣೆ ಇಡುತ್ತೀರಲ್ಲ ಸಾರ್ ಎಂದೆ. ಅವರ ಬೆರಳು ತೊಡೆಯ ಮೇಲೆ ನನ್ನ ಮಾತನ್ನು ಪೂರ್ತಿ ಟೈಪ್ ಮಾಡಿ ಮುಗಿಸಿದವು.

ಆ ಕಾಲದ ಪ್ರೋಗ್ರಾಮಿನಲ್ಲಿ ಪ್ರತಿ ಸಾಲಿಗೂ ಒಂದು ನಂಬರ್ ಇರುತ್ತಿತ್ತು. ಹತ್ತು, ಇಪ್ಪತ್ತು, ಮೂವತ್ತು, ಹೀಗೆ. ಇದರಲ್ಲಿ ನೂರಿಪ್ಪತ್ತರವರೆಗೆ ಹನ್ನೆರಡು ಸಾಲು. ಸಾರ್ ಒಬ್ಬೊಬ್ಬರಿಗೆ ಒಂದೊಂದು ಸಾಲು ಕೊಟ್ಟರು. ಬರೆದುಕೊಳ್ಳುವ ಹಾಗಿಲ್ಲ, ಮಗ್ಗಿಯ ಹಾಗೆ ಬಾಯಿಪಾಠ. ಹತ್ತು, ಮೂವತ್ತು, ಐವತ್ತು, ಎಪ್ಪತ್ತು, ತೊಂಬತ್ತು, ನೂರಹತ್ತು ಮೇಲೋಣಿಗೆ. ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು, ನೂರು ಕೆಳಗಲೋಣಿಗೆ. ಕೆಳಗಲೋಣಿಯ ಆರನೆಯವನು ಕೆಲಸ ಸಿಕ್ಕಿ ಶಿವಮೊಗ್ಗಕ್ಕೆ ಹೋಗಿದ್ದರಿಂದ ನೂರಿಪ್ಪತ್ತು ಸಾರ್‌ದೇ ಆಯಿತು. ಬರಬರುತ್ತಾ ಹೆಸರುಗಳೇ ಹೋಗಿ ಎಲ್ಲರೂ ನಂಬರುಗಳಾದರು. ಬೆಳಿಗ್ಗೆಯವರು ತಮ್ಮ ಆರು ಸಾಲು ಟೈಪ್ ಮಾಡಿ ಓಡಿಸಿದರೆ ಯಂತ್ರ ತಪ್ಪು ಎನ್ನುತ್ತಿತ್ತು.

“ಇದ್ರ ಮಿಕ್ಕಿದ ಸಾಲು ಎಲ್ಲೈತೆ ಸಾರ್?” ಎಂದು ಹತ್ತು ಕೇಳಿದ. ಮೇಲೋಣಿಯ ಯುವಕ, ತೂಬಿನ ಪಕ್ಕದಲ್ಲೇ ಅವನ ಗದ್ದೆ.

“ಮಧ್ಯಾಹ್ನ ಬರ್ತೈತೆ.”

“ನಮಗೂ ಅದನ್ನ ಹೇಳ್ಕೊಡ್ರಿ ಮತ್ತೆ.”

“ಅದು ಅವ್ರ ಸಾಲು ಕಣಪ್ಪ. ಅವ್ರನ್ನೇ ಕೇಳ್ಬೇಕು.”

ಕೇಳುವವರು ಯಾರು? ಮಧ್ಯಾಹ್ನ ಸಾರ್ ಕ್ಯಾಸೆಟ್ಟಿನಿಂದ ಪೂರ್ತಿ ಪ್ರೋಗ್ರಾಂ ಹಾಕಿ ಓಡಿಸಿ ತೋರಿಸುತ್ತಿದ್ದರು. ಆಗ ಕೆಳಗಲೋಣಿಯವರು ಕಣ್ಣರಳಿಸಿ ನೋಡಿ, ತಮ್ಮದಲ್ಲದ ಸಾಲುಗಳನ್ನು ಕೇಳುತ್ತಿದ್ದರು. ಅವರಿಗೂ ಅದೇ ಉತ್ತರ. ತಪ್ಪು ಬಂದಾಗಲೆಲ್ಲ ಒಂದು ಮಾತು ಹೇಳುತ್ತಿದ್ದರು: “ಯಂತ್ರ ಒಳ್ಳೇದು ಕಣ್ರೀ. ತಪ್ಪಾಗೈತೆ ಅಂತ ಅಷ್ಟೇ ಹೇಳಲ್ಲ, ಯಾವ ಸಾಲಲ್ಲಿ ಅಂತಾನೂ ಹೇಳ್ತೈತೆ. ನಾವು ಜಗಳ ಆಡುವಾಗ ಅಷ್ಟೂ ಹೇಳಲ್ಲ.”

ಆ ಬೇಸಗೆಯಲ್ಲಿ ಟ್ರಸ್ಟಿನ ಯಜಮಾನರು ನೋಡಲು ಬರುವುದೆಂದಾಯಿತು. ಕಲಿತದ್ದು ಏನು ಎಂದು ಕಣ್ಣೆದುರು ಕಾಣಬೇಕು. ಕಾಣದಿದ್ದರೆ ವ್ಯಾನ್ ಮಾರಿ, ಯಂತ್ರವನ್ನು ಪಟ್ಟಣದ ಶಾಲೆಗೆ ಕೊಡುವುದು. ಬೇರೆ ಊರಿನಲ್ಲಿ ತೋರಿಸೋಣ ಸಾರ್ ಎಂದು ಅಂಗಲಾಚಿದೆ. ನ್ಯಾಮತಿಯಲ್ಲಿ ಎಷ್ಟು ಚೆನ್ನಾಗಿ ಕಲಿತಿದ್ದರು! ಇಲ್ಲ, ಈ ಊರಿನಲ್ಲೇ ಎಂದು ಹಟ ಹಿಡಿದರು. ಇನ್‌ಸ್ಟಿಟ್ಯೂಟ್ ಬಿಟ್ಟುಕೊಟ್ಟು ಬಂದ ಮನುಷ್ಯ. ಆ ವ್ಯಾನ್ ಹೋದರೆ ಅವರಿಗೆ ಹಿಂದಿರುಗಲು ಒಂದು ಕುರ್ಚಿಯೂ ಇರಲಿಲ್ಲ.

ಮೇಲೋಣಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಕಣ್ಣು ಪರೀಕ್ಷೆಗೆ ಬಂದು ಅಂಟಿಕೊಂಡವಳು. ಬೀಸುವ ಪದಗಳನ್ನು ಚೆನ್ನಾಗಿ ಹಾಡುತ್ತಿದ್ದಳೆಂದು ನಾನೇ ಒಮ್ಮೆ ರೆಕಾರ್ಡ್ ಮಾಡಿ ಅವಳ ಧ್ವನಿಯನ್ನು ಅವಳಿಗೇ ಕೇಳಿಸಿದ್ದೆ. ಯಾವ ಎರಡು ಗುಂಡಿ ಒಟ್ಟಿಗೆ ಒತ್ತಬೇಕೆಂದು ತೋರಿಸಿದ ಪುಣ್ಯಾತ್ಗಿತ್ತಿಯೂ ನಾನೇ. ವ್ಯಾನಿನ ಬಾಗಿಲ ಚಿಲಕ ಕೆಟ್ಟಿದ್ದರಿಂದ ಹಿಂದಿನ ಸಂಜೆ ಯಂತ್ರ, ಟಿ.ವಿ., ಕ್ಯಾಸೆಟ್ ಸಮೇತ ಟೇಪ್ ರೆಕಾರ್ಡರ್ ಎಲ್ಲವನ್ನೂ ಅವಳ ಮನೆಯಲ್ಲಿಟ್ಟು, ವ್ಯಾನನ್ನು ಊರಲ್ಲೇ ಬಿಟ್ಟು, ನಾವು ಬಸ್ಸಿನಲ್ಲಿ ಹೊನ್ನಾಳಿಗೆ ಹೋಗಿ ಉಳಿದೆವು.

ಬೆಳಿಗ್ಗೆ ಹತ್ತು ಗಂಟೆಗೆ ಸೇತುವೆಯ ಆ ಕಡೆ ಮೇಲೋಣಿ, ಈ ಕಡೆ ಕೆಳಗಲೋಣಿ, ನಡುವೆ ವ್ಯಾನ್. ಟ್ರಸ್ಟಿನ ಯಜಮಾನರು ಕುರ್ಚಿಯಲ್ಲಿ. ಸಾರ್ ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಅಂಗಿ ಹಾಕಿಕೊಂಡಿದ್ದರು. ಗುಂಡಿ ಒತ್ತಿದರು. ಎಲ್ಲರೂ ಕಿರುಚಾಟಕ್ಕೆ ಕಾದರು. ಬಂದದ್ದು ಅಜ್ಜಿಯ ಧ್ವನಿ. ರಾಗಿ ಬೀಸುತ್ತಾ ತವರುಮನೆ ನೆನೆಯುವ ಪದ, ಎಷ್ಟು ಸೊಗಸಾಗಿತ್ತು ಗೊತ್ತೇ! ಸಾರ್ ಕ್ಯಾಸೆಟ್ ತಿರುಗಿಸಿ ಹಾಕಿದರು. ಅಲ್ಲೂ ಅಜ್ಜಿ.

ಅಜ್ಜಿ ಮುಂದೆ ಬಂದು ಸಂಭ್ರಮದಿಂದ ಹೇಳಿದಳು: “ಅಯ್ಯೋ ಮೇಷ್ಟ್ರೆ, ನಿಮ್ ಕ್ಯಾಸೆಟ್ಟು ಕೆಟ್ಟೋಗಿತ್ತು ಕಣಪ್ಪ. ಹಾಕಿದ್ರೆ ಬರೀ ಕಿರ್ರೋ ಅಂತಿತ್ತು. ದೊಡ್ಡೋರು ಬರೋ ದಿವ್ಸ ಹಿಂಗಾದ್ರೆ ಹೆಂಗೆ ಅಂತ ನಾಕು ಒಳ್ಳೆ ಪದ ತುಂಬ್ಸಿದೀನಿ. ಎರಡೂ ಕಡೀಗೂ!”

ಸಾರ್ ಮುಖದಲ್ಲಿ ಏನೂ ಕಾಣಲಿಲ್ಲ. “ಚೆನ್ನಾಗಿ ಹಾಡಿದ್ದೀಯವ್ವ” ಎಂದರು, ಅಷ್ಟೇ. ಆದರೆ ಕೆಳಗಲೋಣಿಯ ಕಡೆಯಿಂದ ಕೂಗು ಎದ್ದಿತು. “ಬೇಕಂತಲೇ ಅಳಿಸ್ಯಾರೆ! ಸರದಿ ಹೊರಗೆ ಬಂದ್ರೆ ಬಣ್ಣ ಬಯಲಾಗ್ತೈತಂತ ಮುದುಕಿ ಕೈಲಿ ಮಾಡಿಸ್ಯಾರೆ!” ಮೇಲೋಣಿಯವರು ಸುಮ್ಮನಿರುತ್ತಾರೆಯೇ? “ಮುದುಕಿ ಮ್ಯಾಲೆ ಹೇಳ್ತೀರೇನ್ರೋ, ನಾಚ್ಕೆ ಆಗಲ್ವಾ?” ಯಾರೋ ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಬಿಗಿದುಕೊಂಡದ್ದು ಕಾಣಿಸಿತು. ಏನೂ ತಿಳಿಯದೆ ಅಜ್ಜಿ ಎರಡೂ ಕಡೆ ನೋಡುತ್ತಾ ನಿಂತಿದ್ದಳು.

ಟ್ರಸ್ಟಿನ ಯಜಮಾನರು ಎದ್ದರು. “ನೀವೇ ಕೂತು ಟೈಪ್ ಮಾಡಿಬಿಡಿ, ಪ್ರೋಗ್ರಾಂ ನಿಮಗೆ ಗೊತ್ತಿರುತ್ತಲ್ಲ.”

“ನನಗೆ ನೂರಿಪ್ಪತ್ತನೇ ಸಾಲು ಒಂದೇ ಬರೋದು ಸಾರ್,” ಎಂದರು ನಮ್ಮ ಸಾರ್.

ಹಸೀ ಸುಳ್ಳು! ಬರೆದವರೇ ಅವರು! ನಾನು ಬೆರಗಾಗಿ ನೋಡುತ್ತಿದ್ದೆ. ಬೆರಳು ತೊಡೆಯ ಮೇಲೆ ಅಲ್ಲಾಡುತ್ತಿರಲಿಲ್ಲ.

“ಇನ್ನೊಂದು ಪ್ರತಿ ಇಟ್ಟಿಲ್ಲವೇ?”

ಸಾರ್ ನನ್ನ ಕಡೆ ತಿರುಗಿದರು. “ಮೇಡಂ, ಇನ್ನೊಂದು ಪ್ರತಿ ಐತೇನ್ರೀ?”

ಸಕ್ಕರೆ ಡಬ್ಬಿ ನನ್ನಿಂದ ಎರಡು ಮೊಳ ದೂರದಲ್ಲಿತ್ತು. ಕೈ ಹಾಕಿದರೆ ಐದು ನಿಮಿಷದಲ್ಲಿ ಎಲ್ಲ ಸರಿಹೋಗುತ್ತಿತ್ತು. ವ್ಯಾನ್ ಉಳಿಯುತ್ತಿತ್ತು, ಸಾರ್ ಉಳಿಯುತ್ತಿದ್ದರು, ನನ್ನ ಕೆಲಸವೂ. ಅಷ್ಟರಲ್ಲಿ ಕೆಳಗಲೋಣಿಯ ಗುಂಪಿನಿಂದ ಒಂದು ಸಣ್ಣ ಧ್ವನಿ ಬಂತು. ನಲವತ್ತು, ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದ ಹುಡುಗಿ. “ನನ್ ಸಾಲು ನನಗೆ ಬರ್ತೈತೆ ಸಾರ್.” ಮೇಲೋಣಿಯ ಕಡೆಯಿಂದ ಹತ್ತು ತಕ್ಷಣ ಕೂಗಿದ: “ನನ್ದೂ ಬರ್ತೈತೆ! ನಿಮ್ದು ಮೂವತ್ತಾದ್ಮೇಲೆ ಅಲ್ವಾ?” ಎರಡು ವರ್ಷದಲ್ಲಿ ಆ ಸೇತುವೆಯನ್ನು ದಾಟಿದ, ಬೈಗುಳವಲ್ಲದ ಮೊದಲ ಮಾತು ಅದು. ಆ ಹುಡುಗಿ ತಲೆಯಾಡಿಸಿದಳು.

“ಇಲ್ಲ ಸಾರ್,” ಎಂದೆ. “ಇನ್ನೊಂದು ಪ್ರತಿ ಇಲ್ಲ.”

ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಎರಡೂ ಬಾಗಿಲುಗಳಿಗೆ ಕೇಳುವ ಹಾಗೆ, ಇನ್‌ಸ್ಟಿಟ್ಯೂಟಿನಲ್ಲಿ ಹಾಜರಿ ಕರೆಯುವ ಧ್ವನಿಯಲ್ಲಿ ಕೂಗಿದರು: “ಹತ್ತು!”

ಹತ್ತು ಹಿಂಬಾಗಿಲಿನಿಂದ ಹತ್ತಿ ತನ್ನ ಸಾಲು ಕುಟ್ಟಿದ. “ಟಿಂಗ್! ಇಪ್ಪತ್ತು!”

ಯಾರೂ ಅಲ್ಲಾಡಲಿಲ್ಲ. ಇಪ್ಪತ್ತು ಎಂದರೆ ಕೆಳಗಲೋಣಿಯ ಟೈಲರ್. ಬಡಿದಾಟದಲ್ಲಿ ಅವನ ಬಲಗೈ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಬಡಿದವನು ಹತ್ತರ ಚಿಕ್ಕಪ್ಪನೆಂದು ಊರಿಗೇ ಗೊತ್ತು, ಅವನೂ ಅಲ್ಲೇ ಆ ಕಡೆ ನಿಂತಿದ್ದ. ಟೈಲರನ ಭುಜವನ್ನು ಯಾರೋ ಹಿಡಿದು “ಹೋಗ್ಬ್ಯಾಡ” ಎಂದರು. ಸಾರ್ ಮತ್ತೆ ಕರೆಯಲಿಲ್ಲ, ಕಾದರು. ಕೊನೆಗೆ ಟೈಲರ್ ಭುಜ ಕೊಡವಿಕೊಂಡ. “ಇಪ್ಪತ್ತು ನಂದು,” ಎಂದ. “ನಂದು ಇಲ್ದೆ ಅವ್ರದ್ದು ನಡೆಯಾಕಿಲ್ಲ. ನಡೀಲಿ ನೋಡ್ತೀನಿ.” ಮುಂದಿನ ಬಾಗಿಲಿನಿಂದ ಹತ್ತಿ, ಹತ್ತರ ಪಕ್ಕದಲ್ಲೇ ಕೂತು, ಎಡಗೈಯ ಒಂದೇ ಬೆರಳಿನಿಂದ ನಿಧಾನವಾಗಿ ಟೈಪ್ ಮಾಡಿದ. ಅಷ್ಟು ಗಟ್ಟಿಯಾದ “ಟಿಂಗ್” ಅನ್ನು ನಾನು ಸಾರ್ ಬಾಯಲ್ಲಿ ಕೇಳಿರಲಿಲ್ಲ.

ಆಮೇಲೆ ನೋಡಬೇಕಿತ್ತು! ಮೂವತ್ತು, ನಲವತ್ತು, ಐವತ್ತು. ಆ ಬಾಗಿಲಿನಿಂದ ಒಬ್ಬರು, ಈ ಬಾಗಿಲಿನಿಂದ ಒಬ್ಬರು. ಇಳಿಯಲು ಜಾಗವಿಲ್ಲದೆ ಎಲ್ಲರೂ ಒಳಗೇ ಉಳಿದು, ಕಣ್ಣಿನ ಫಲಕದ ಕೆಳಗೆ ಭುಜಕ್ಕೆ ಭುಜ ಒತ್ತಿಕೊಂಡು ನಿಂತರು. ಕೊನೆಗೆ ಸಾರ್ ಬಗ್ಗಿ ನೂರಿಪ್ಪತ್ತನ್ನು ಟೈಪ್ ಮಾಡಿ ಓಡಿಸಿದರು. ಟಿ.ವಿ.ಯ ಮೇಲೆ ಬಂದದ್ದು ಎಪ್ಪತ್ತನೇ ಸಾಲಿನಲ್ಲಿ ತಪ್ಪು ಎಂದು. ಎಪ್ಪತ್ತು ಮೇಲೋಣಿಯದು. ಎಪ್ಪತ್ತು ಬೆವರುತ್ತಾ ತನ್ನ ಸಾಲನ್ನು ಎರಡೆರಡು ಸಲ ಓದಿದ, ಗೊತ್ತಾಗಲಿಲ್ಲ. ಹಿಂದಿನಿಂದ ಟೈಲರ್ ಕುತ್ತಿಗೆ ಚಾಚಿ, “ಕಾಮಾ ಬಿಟ್ಟೀಯ ಕಣಪ್ಪ, ಅಲ್ಲಿ, ಎಕರೆ ಆದ್ಮೇಲೆ” ಎಂದ. ಎಪ್ಪತ್ತು ಕಾಮಾ ಹಾಕಿದ. “ಈಗ ಒತ್ತು,” ಎಂದ ಟೈಲರ್.

ಅಕ್ಷರ ಹರಿದು ಬಂತು. ಹೆಸರು ಕೇಳಿತು, ಎಕರೆ ಕೇಳಿತು. ಎರಡೂ ಬಾಗಿಲಿನಿಂದ ಜನ ಕೂಗಿ ಕೂಗಿ ಹೇಳಿದರು, ನಲವತ್ತು ಟೈಪ್ ಮಾಡಿದಳು. ಸೋಮವಾರ ಯಾರಿಗೆ, ಮಂಗಳವಾರ ಯಾರಿಗೆ ಎಂದು ಪಟ್ಟಿ ಮೇಲೇರುತ್ತಾ ಹೋಯಿತು. ನಾನು ಕುಣಿಯುವುದೊಂದು ಬಾಕಿ. ಟ್ರಸ್ಟಿನ ಯಜಮಾನರು ಕುರ್ಚಿ ಬಿಟ್ಟು ಬಂದು ಬಾಗಿಲಲ್ಲಿ ಇಣುಕುತ್ತಿದ್ದರು. ಅಜ್ಜಿ ಸಂದಿಯಲ್ಲಿ ತೂರಿ ಬಂದು, “ಅಂದ್ರೆ ಕೆಟ್ಟಿರ್ಲಿಲ್ವಾ?” ಎಂದು ಮೆಲ್ಲಗೆ ಕೇಳಿದಳು. “ಇಲ್ಲವ್ವ,” ಎಂದರು ಸಾರ್, “ಈಗ ಇನ್ನೂ ಚೆನ್ನಾಗೈತೆ.” ಆ ಕ್ಯಾಸೆಟ್ಟನ್ನು ಅವರು ಮತ್ತೆ ಯಾವುದಕ್ಕೂ ಬಳಸಲು ಬಿಡಲಿಲ್ಲ. ಪ್ರೋಗ್ರಾಮಿಗೆ ಹೊನ್ನಾಳಿಯಿಂದ ಹೊಸ ಕ್ಯಾಸೆಟ್ ತಂದರು.

ಅಂದಿಗೆ ಊರು ಒಂದಾಯಿತು ಎಂದು ಬರೆಯಲು ಕೈ ತುರಿಸುತ್ತದೆ. ಬರೆದರೆ ಸುಳ್ಳು. ಕೇಸು ಇನ್ನೂ ಎಷ್ಟೋ ಕಾಲ ನಡೆಯಿತು, ಹಿರಿಯರು ಮುಖ ಕೊಟ್ಟು ಮಾತಾಡಿದ್ದು ಕಾಣೆ. ಆ ಹಂಗಾಮಿಗೆ ತೂಬಿನ ಪಕ್ಕದ ಕಲ್ಲಿಗೆ ಯಾರೋ ಆ ಸರದಿಯ ಪಟ್ಟಿಯನ್ನು ಅಂಟಿಸಿದ್ದರು, ಯಾರೂ ಹರಿಯಲಿಲ್ಲ. ಮುಂದಿನ ವಾರದಿಂದ ಪಾಠ ಹನ್ನೊಂದು ಜನಕ್ಕೂ ಒಟ್ಟಿಗೇ ನಡೆಯಿತು. ವ್ಯಾನ್ ಇನ್ನೂ ಎರಡು ವರ್ಷ ಓಡಿ, ದಶಕ ಮುಗಿಯುವ ಹೊತ್ತಿಗೆ ಎಂಜಿನ್ ಕೈಕೊಟ್ಟು ನಿಂತಿತು.

ನಾನು ಹೇಳಿದ ಆ ಸುಳ್ಳು ಮಾತ್ರ ನನ್ನೊಳಗೆ ಚುಚ್ಚುತ್ತಲೇ ಇತ್ತು. ಟೈಲರ್ ಹತ್ತದೇ ಹೋಗಿದ್ದರೆ? ಒಬ್ಬರ ಬದುಕಿನ ಆಸರೆಯನ್ನು ಅವರಿಗೆ ಒಂದು ಮಾತೂ ಹೇಳದೆ ನಾನು ಪಣಕ್ಕಿಟ್ಟಿದ್ದೆ. ಹೇಳಿಬಿಡಬೇಕೆಂದು ಎಷ್ಟು ಸಲ ಅಂದುಕೊಂಡೆನೋ, ಧೈರ್ಯ ಬರಲಿಲ್ಲ. ವ್ಯಾನ್ ಬಿಟ್ಟುಕೊಡುವ ದಿನ ಸಕ್ಕರೆ ಡಬ್ಬಿ ಹುಡುಕಿದೆ, ಅದು ಅಲ್ಲಿರಲಿಲ್ಲ. ಗುಜರಿಗೆ ಹೋಗಿರಬೇಕೆಂದು ಸುಮ್ಮನಾದೆ. ಮದುವೆಯಾಯಿತು, ಬೇರೆ ಕೆಲಸ, ಬೇರೆ ಊರು. ದಾವಣಗೆರೆಗೆ ಬಂದಾಗೆಲ್ಲ ಅವರನ್ನು ಕಂಡು ಬರುತ್ತಿದ್ದೆ, ಬಾಗಿಲಲ್ಲೇ “ಟಿಂಗ್!” ಎನ್ನುತ್ತಿದ್ದರು. ಈ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಹದಿಮೂರನೇ ದಿನಕ್ಕೆ ಹೋಗಿದ್ದೆ. ಜಗಲಿಯಲ್ಲಿ ಟೈಲರ್ ಕೂತಿದ್ದ, ಕೂದಲೆಲ್ಲ ಬೆಳ್ಳಗಾಗಿತ್ತು. ಪಕ್ಕದಲ್ಲಿ ಹತ್ತು. ಒಂದೇ ಟೆಂಪೋದಲ್ಲಿ ಬಂದಿದ್ದರು. ಸಾರ್ ಹೆಂಡತಿ ಒಳಗಿನಿಂದ ಒಂದು ಡಬ್ಬಿ ತಂದು ನನ್ನ ಕೈಗಿಟ್ಟರು. “ಇದನ್ನ ನಿಮಗೆ ಕೊಡು ಅಂತ ಹೇಳಿದ್ರು ಕಣಮ್ಮ.”

ಅದೇ ಸಕ್ಕರೆ ಡಬ್ಬಿ. ಒಳಗೆ ಅದೇ ಪ್ಲಾಸ್ಟಿಕ್ ಕವರ್, ಅದೇ ಕ್ಯಾಸೆಟ್. ಗುಟ್ಟಾಗಿರಲೆಂದು ನಾನು ಅದರ ಮೇಲೆ ಏನೂ ಬರೆದಿರಲಿಲ್ಲ. ಈಗ ಚೀಟಿ ಅಂಟಿಸಿತ್ತು, ಟೈಪ್ ಮಾಡಿದಷ್ಟು ನೇರವಾದ ಸಾರ್ ಕೈಬರಹ: “ಎರಡನೇ ಪ್ರತಿ. ಬೇಕಾಗಲಿಲ್ಲ.” ಕೆಳಗೆ, ಎಡಗಡೆ ಮೂಲೆಯಲ್ಲಿ, ಎರಡು ಸಣ್ಣ ಅಕ್ಷರ. ಅವರ ಹೆಸರಿನದಲ್ಲ, ನನ್ನ ಹೆಸರಿನದು.

“ಇದು ಅವರಿಗೆ ಯಾವಾಗ ಸಿಕ್ತು ಅಮ್ಮ? ವ್ಯಾನ್ ಬಿಟ್ಟ ಮೇಲಾ?”

“ಯಾವಾಗ ಅಂದ್ರೆ? ವ್ಯಾನಿನ ಸಕ್ಕರೆ ನಮ್ಮನೇದೇ ಅಲ್ವೇನಮ್ಮ. ಪ್ರತಿ ಸೋಮವಾರ ಬೆಳಿಗ್ಗೆ ಇರುವೆ ಹತ್ತೈತೆ ಅಂತ ಡಬ್ಬೀನ ಪೂರ್ತಿ ಸುರುವಿ, ಒರೆಸಿ, ಅವ್ರೇ ತುಂಬಿಸೋರು. ತಳದಾಗೆ ಇದನ್ನ ಇಟ್ಟು ಮೇಲೆ ಸಕ್ಕರೆ ಹಾಕೋರು. ನಾನು ಕೇಳಿದ್ರೆ, ಮೇಡಂದು, ಇರ್ಲಿ ಬಿಡು ಅನ್ನೋರು.”

ಅಂದರೆ ಆ ದಿನ ಸೇತುವೆಯ ಮೇಲೆ, ಎರಡೂ ಓಣಿಯವರ ಎದುರಿಗೆ, ಅವರು ನನ್ನನ್ನು ಕೇಳಿದಾಗ ಅವರಿಗೆ ಗೊತ್ತಿತ್ತು. ಡಬ್ಬಿ ಎಲ್ಲಿದೆ ಎಂದೂ, ತಳದಲ್ಲಿ ಏನಿದೆ ಎಂದೂ. ಗೊತ್ತಿದ್ದೂ ಕೇಳಿ, ನಾನು ಏನು ಹೇಳುತ್ತೇನೆಂದು ಕಾದು ನಿಂತಿದ್ದರು.

ಜಗಲಿಯ ಗೋಡೆಯ ಮೇಲೆ ಅವರ ಫೋಟೋ ಇತ್ತು, ಹಾರ ಹಾಕಿದ್ದರು. ಅದರ ಮುಂದೆ ಡಬ್ಬಿ ಹಿಡಿದು ನಿಂತು, ಜನ ಏನೆಂದುಕೊಂಡರೂ ಸರಿ ಎಂದು ಗಟ್ಟಿಯಾಗಿಯೇ ಹೇಳಿದೆ: “ಇತ್ತು ಸಾರ್.”